ಅಪ್ಪನಿಗೆ ಸುಳ್ಳು ಹೇಳಿ ಕಾಂಬೋಡಿಯಾಗೆ ಹೋಗಲೇ?

ಪ್ರಶ್ನೆ: ನನಗೆ 27 ವರ್ಷ. ಊರು ಹಾಸನ, ಕೆಲಸ ಬೆಂಗಳೂರಿನಲ್ಲಿ. ಪಿಜಿ ಗೆಳತಿಯ ಜೊತೆ ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಕಾಂಬೋಡಿಯಾ ಸುತ್ತಲು ದುಡ್ಡು ಕೂಡಿಟ್ಟಿದ್ದೇನೆ. ನನಗೆ ಹಳೇ ದೇವಸ್ಥಾನಗಳ ಹುಚ್ಚು. ಅವಳಿಗೆ ಸಿಯೆಮ್ ರೀಪ್‌ನ ಪಬ್ ಸ್ಟ್ರೀಟ್‌ನಲ್ಲಿ ರಾತ್ರಿಯೆಲ್ಲ ಕುಣಿಯಬೇಕು. ನಾನು ಕುಡಿಯುವುದಿಲ್ಲ, ಸಸ್ಯಾಹಾರಿ ಬೇರೆ. 'ಅಲ್ಲಿಗೂ ಬಂದು ಮೊಸರನ್ನ ಕೇಳ್ತೀಯಾ?' ಎಂದು ಅಣಕಿಸುತ್ತಾಳೆ. ಅಪ್ಪ ಒಪ್ಪುವುದು ಅನುಮಾನ. ಕಂಪನಿ ಟ್ರೈನಿಂಗ್ ಅಂದುಬಿಡು ಅನ್ನುತ್ತಾಳೆ ಇವಳು. ಏನು ಮಾಡಲಿ?

ಉತ್ತರ: ಹೋಗಿ ಬನ್ನಿ. ಟ್ರೈನಿಂಗ್ ಸುಳ್ಳು ಮಾತ್ರ ಬೇಡ. ಸುಳ್ಳು ಪಾಪ ಎಂದು ಪ್ರವಚನ ಮಾಡುತ್ತಿಲ್ಲ; ಇರುವ ಸುಳ್ಳುಗಳಲ್ಲೆಲ್ಲ ಕೆಟ್ಟದ್ದನ್ನೇ ಹುಡುಕಿ ಕೊಟ್ಟಿದ್ದಾಳೆ ನಿಮ್ಮ ಗೆಳತಿ. ಏಜೆಂಟರ ಮಾತು ನಂಬಿ ಕೆಲಸಕ್ಕೆಂದು ಕಾಂಬೋಡಿಯಾಗೆ ಹೋದ ಭಾರತೀಯರು ಸೈಬರ್ ವಂಚನೆಯ ಅಡ್ಡೆಗಳಲ್ಲಿ ಸಿಕ್ಕಿಬಿದ್ದು, ನೂರಾರು ಜನರನ್ನು ಬಿಡಿಸಿ ತಂದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂತು. ಪೇಪರ್ ಓದುವ ಅಪ್ಪನಿಗೆ 'ಕೆಲಸದ ಮೇಲೆ ಕಾಂಬೋಡಿಯಾ' ಎಂದರೆ ಎದೆ ಧಸಕ್ಕೆನ್ನುತ್ತದೆ. ನೀವು ಫೋನ್ ಎತ್ತದ ಒಂದು ಸಂಜೆ ಸಾಕು, ನಿಮ್ಮ ಆಫೀಸಿಗೆ ಕರೆ ಹೋಗುತ್ತದೆ. 'ದೇವಸ್ಥಾನ ನೋಡೋಕೆ ಹೋಗ್ತಿದೀನಪ್ಪ' ಎಂಬ ನಿಜವೇ ಎಷ್ಟೋ ವಾಸಿ.

ಅದೂ ಹಾಸನದ ಅಪ್ಪನಿಗೆ! ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಕಾಂಬೋಡಿಯಾದಲ್ಲಿ ಎರಡನೇ ಸೂರ್ಯವರ್ಮ ಪಟ್ಟದಲ್ಲಿದ್ದ. ಸಿಯೆಮ್ ರೀಪ್ ಪಕ್ಕದಲ್ಲಿ ಅವನು ಕಟ್ಟಿಸಿದ ಅಂಗ್ಕೋರ್ ವಾಟ್ ಕೂಡ ಮೂಲದಲ್ಲಿ ವಿಷ್ಣುವಿನ ಗುಡಿಯೇ. ಪೂರ್ವದ ಮೊಗಸಾಲೆಯ ಗೋಡೆಯಲ್ಲಿ ಸಮುದ್ರ ಮಥನ ಸುಮಾರು 49 ಮೀಟರ್ ಉದ್ದಕ್ಕೆ ಹಬ್ಬಿದೆ: ವಾಸುಕಿಯನ್ನು ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು ಸಾಲುಗಟ್ಟಿ ಜಗ್ಗುತ್ತಿದ್ದಾರೆ. ಆ ಫೋಟೊ ತೋರಿಸಿ ಮಾತು ಶುರು ಮಾಡಿ. ಉಳಿಯುವ ವಿಳಾಸ, ವಿಮಾನದ ನಂಬರ್ ಬರೆದುಕೊಡಿ. ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಗಡಿ ದಾಟುವ ಅಗ್ಗದ ಆಸೆ ಇದ್ದರೆ ಬಿಡಿ. 2025ರಲ್ಲಿ ಥಾಯ್ಲೆಂಡ್, ಕಾಂಬೋಡಿಯಾ ಎರಡೂ ದೇಶಗಳ ಸೈನ್ಯ ಹೊಡೆದಾಡಿಕೊಂಡ ಗಡಿ ಅದು.

ಇನ್ನು ಗೆಳತಿ. ಇಡೀ ದಿನ ಇಬ್ಬರೂ ಅಂಟಿಕೊಂಡೇ ಇರಬೇಕೆಂದು ಯಾರು ಹೇಳಿದರು? ಅಂಗ್ಕೋರ್‌ನ ಗುಡಿಗಳಿಗೆ 62 ಡಾಲರಿನ ಮೂರು ದಿನದ ಪಾಸ್ ಕೊಂಡರೆ ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಹೋಗಬಹುದು. ಸೂರ್ಯೋದಯಕ್ಕೆಂದು ಬೆಳಗಿನ ಐದಕ್ಕೇ ಬಿಡುತ್ತಾರೆ, ಕೊಳದ ದಂಡೆಯ ಮೇಲೆ ನೂಕುನುಗ್ಗಲು. ನನ್ನ ಕೇಳಿದರೆ, ಗುಡಿಯ ಮುಖ ಪಶ್ಚಿಮಕ್ಕಿರುವುದರಿಂದ ಇಳಿಬಿಸಿಲಲ್ಲೇ ಅದರ ಚಂದ ಹೆಚ್ಚು. ಬೆಳಿಗ್ಗೆ ನೀವು ಬಾಯೊನ್, ತಾ ಪ್ರೋಮ್ ಗುಡಿಗಳನ್ನು ನೋಡಿಕೊಂಡು ಬನ್ನಿ. ಅವಳು ಮಧ್ಯಾಹ್ನಕ್ಕೆದ್ದು ಮೂರರ ಹೊತ್ತಿಗೆ ಅಂಗ್ಕೋರ್ ವಾಟ್‌ಗೆ ಜೊತೆಯಾಗಲಿ. ಭುಜ, ಮಂಡಿ ಮುಚ್ಚದಿದ್ದರೆ ಮೇಲಿನ ಅಂತಸ್ತಿಗೆ ಹತ್ತಗೊಡುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

ಒಂದು ರಾತ್ರಿ ನೀವೂ ಪಬ್ ಸ್ಟ್ರೀಟ್‌ಗೆ ಹೋಗಿ, ಎಳನೀರು ಹಿಡಿದು ಕೂತರೆ ಯಾರೂ ಕೇಳುವುದಿಲ್ಲ. ಇನ್ನೊಂದು ರಾತ್ರಿ ಅವಳು ನಿಮ್ಮ ಜೊತೆ ಫಾರೆ ಸರ್ಕಸ್‌ಗೆ ಬರಲಿ. ಅವಳ ಕುಡಿತದ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಪಕ್ಕದ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ 2024ರ ನವೆಂಬರ್‌ನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಆರು ವಿದೇಶಿ ಪ್ರವಾಸಿಗರು ಸತ್ತರು. ಪುಕ್ಕಟೆ ಶಾಟ್ಸ್ ಬೇಡ, ಎದುರಲ್ಲೇ ಮುಚ್ಚಳ ತೆಗೆದ ಬಿಯರ್ ಆದರೆ ಸರಿ. ವಾಪಸ್ ಬರುವಾಗ ಆ್ಯಪ್‌ನಲ್ಲಿ ಟುಕ್‌ಟುಕ್ ಕರೆಸಿಕೊಳ್ಳಲಿ.

ಊಟದಲ್ಲಿ ಕಷ್ಟ ನಿಮಗೇ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಸಿಗುವ ನೊಮ್ ಬಾನ್ ಚೊಕ್ ನೋಡಲು ನಮ್ಮ ಒತ್ತುಶ್ಯಾವಿಗೆಯ ಹಾಗೇ ಇರುತ್ತದೆ, ಮೇಲೆ ಸುರಿಯುವುದು ಮೀನಿನ ಗಸಿ. ಹುಳಿಸಿದ ಮೀನಿನ ಪ್ರಹೊಕ್ ಕಣ್ಣಿಗೆ ಕಾಣದಂತೆ ಅಡುಗೆಯಲ್ಲಿ ಬೆರೆತಿರುತ್ತದೆ. 'ಮಾಂಸ ಬೇಡ' ಎಂದರೆ ಸಾಲದು. 'ಮೀನಿನ ಸಾಸ್, ಪ್ರಹೊಕ್ ಎರಡೂ ಬೇಡ' ಎಂದು ಅಲ್ಲಿನ ಖ್ಮೇರ್ ಲಿಪಿಯಲ್ಲಿ ಬರೆಸಿಟ್ಟುಕೊಳ್ಳಿ. ತೆಂಗಿನಹಾಲಿನ ಅಮೊಕ್ ಎಂಬ ಖಾದ್ಯಕ್ಕೆ ಮೀನಿನ ಬದಲು ತೋಫು ಹಾಕಿ ಕೊಡುವ ಹೋಟೆಲ್‌ಗಳಿವೆ. ಚಟ್ನಿಪುಡಿಯೂ ಬ್ಯಾಗಿನಲ್ಲಿರಲಿ. ಗೆಳತಿ ನಕ್ಕರೆ ನಗಲಿ, ಮೂರನೇ ದಿನ ಅವಳೇ ಕೈಚಾಚುತ್ತಾಳೆ.

ಇದನ್ನೆಲ್ಲ ಟಿಕೆಟ್ ಬುಕ್ ಮಾಡುವ ಮೊದಲೇ ಅವಳೆದುರು ಹೇಳಿ, ಅಲ್ಲಿಗೆ ಹೋಗಿ ಮುಖ ಊದಿಸಿಕೊಂಡು ಕೂರಬೇಡಿ. ಒಪ್ಪಲಿಲ್ಲವೋ, ಹೆಂಗಸರ ಡಾರ್ಮ್‌ನಲ್ಲಿ ಒಂದು ಹಾಸಿಗೆ ಕಾದಿರಿಸಿ ಒಬ್ಬರೇ ಹೊರಡಿ. ಅದನ್ನೂ ಅಪ್ಪನಿಗೆ ಹೇಳಿಯೇ.