ನ್ಯೂಟನ್ ಹುಟ್ಟಿದ ಮನೆಯ ಫೋಟೊ

ಪ್ರಶ್ನೆ: ಇಂಗ್ಲೆಂಡಿನ ಲಿಂಕನ್‌ಶೈರ್‌ನ ವೂಲ್ಸ್‌ಥಾರ್ಪ್‌ಗೆ, ನ್ಯೂಟನ್ ಹುಟ್ಟಿದ ಮನೆ ನೋಡಲು ಹೋಗುತ್ತಿದ್ದೇವೆ. ಫೋಟೊ ಹೇಗೆ ತೆಗೆದರೆ ಚೆನ್ನ?

ಉತ್ತರ: ಅದು ಸುಣ್ಣಕಲ್ಲಿನ ಮನೆ. ನೇರ ಬಿಸಿಲಿಗೆ ಗೋಡೆ ಬೆಳ್ಳಗೆ ಬಂದು ಕಲ್ಲಿನ ಒರಟುತನ ಕಾಣುವುದೇ ಇಲ್ಲ. ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) 2/3 ಸ್ಟಾಪ್ (ಬೆಳಕಿನ ಅಳತೆ) ಇಳಿಸಿ. ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಮನೆ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಹಿಂದೆ ಸರಿದು ಮಟ್ಟಸವಾಗಿ ಹಿಡಿಯಿರಿ. ಒಳಗೆ ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕೇ ಚಂದ: ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಲೆನ್ಸಿನ ಕಿಂಡಿ ಎಫ್/2.8, ಶಟರ್ 1/60 ಸೆಕೆಂಡಿನಿಂದ ಶುರುಮಾಡಿ.

ನ್ಯೂಟನ್‌ಗೆ ಗುರುತ್ವಾಕರ್ಷಣೆಯ ಯೋಚನೆ ಹೊಳೆಯಿತೆನ್ನುವ ಸೇಬಿನ ಮರದ ಫೋಟೊ ಮಾತ್ರ ಅವಸರದಲ್ಲಿ ತೆಗೆಯಬೇಡಿ. ‘ಫ್ಲವರ್ ಆಫ್ ಕೆಂಟ್’ ತಳಿಯ ಆ ಮರ 1820ರ ಬಿರುಗಾಳಿಗೆ ಉರುಳಿ, ಮತ್ತೆ ಚಿಗುರಿದ್ದು. ಬೇಲಿಯ ಹೊರಗೇ ಮಂಡಿಯೂರಿ, ಕಿಂಡಿ ಕಿರಿದಾಗಿಸಿ ಎಫ್/8ರಲ್ಲಿ ತೆಗೆಯಿರಿ. ತಿರುಚಿದ ಕಾಂಡ, ಹಿಂದಿನ ಮನೆ ಎರಡೂ ಸ್ಪಷ್ಟವಾಗಿ ಸಿಗುತ್ತವೆ. ಎಲೆ ಉದುರಿದ ಚಳಿಗಾಲದಲ್ಲಿ ಕಾಂಡದ ಆಕಾರ ಇನ್ನೂ ಚೆನ್ನಾಗಿ ಕಾಣುತ್ತದೆ.