ದಾವಣಗೆರೆಯಲ್ಲಿ ಅರ್ಧ ದಿನ ಬಿಡುವಿದೆ, ಹರಿಹರದ ದೇವಸ್ಥಾನಕ್ಕೆ ಹೋಗಬಹುದೇ? ಅಲ್ಲಿ ಏನು ನೋಡಬೇಕು?

ಖಂಡಿತ ಹೋಗಿ. ದಾವಣಗೆರೆಯಿಂದ ಸುಮಾರು 14 ಕಿ.ಮೀ., ಬಸ್ಸಿಗೆ ಬರವಿಲ್ಲ. ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಹೊರಟರೆ ಬಿಸಿಲೇರುವ ಮೊದಲೇ ತುಂಗಭದ್ರೆಯ ದಡದಲ್ಲಿರುತ್ತೀರಿ.

ಹರಿಹರೇಶ್ವರ ಗುಡಿಯನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಸೇರಿಸಿದ. ಈಗ ಇದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಗರ್ಭಗುಡಿಯ ಮೂರ್ತಿಯನ್ನು ನಿಧಾನವಾಗಿ ನೋಡಿ. ದೇವರ ಬಲಭಾಗ ಶಿವ, ಎಡಭಾಗ ವಿಷ್ಣು; ಎದುರು ನಿಂತ ನಮಗೆ ಶಿವ ಎಡಕ್ಕೆ ಕಾಣುತ್ತಾನೆ. ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾದರೆಂಬುದು ಸ್ಥಳಪುರಾಣ. ಶೈವ, ವೈಷ್ಣವ ಭಕ್ತರು ಒಂದೇ ಮೂರ್ತಿಗೆ ಕೈಮುಗಿಯುವ ಇಂಥ ಜಾಗ ನಮ್ಮ ಜಿಲ್ಲೆಯಲ್ಲಿರುವುದು ನನಗೆ ದೊಡ್ಡ ಹೆಮ್ಮೆ.

ದರ್ಶನವಾದ ಮೇಲೆ ಮಂಟಪದಲ್ಲಿ ಕೂತು ತಲೆಯೆತ್ತಿ. ಹೆಚ್ಚಿನ ಛಾವಣಿ ಸಾದಾ, ನಡುವಿನದರಲ್ಲಿ ಮಾತ್ರ ಕಮಲ ಅರಳಿದೆ. ತಿರುಗಣೆಯಲ್ಲಿ ಕಡೆದ ನುಣುಪಾದ ಕಂಬಗಳಿಗೆ ಕುಂಕುಮ, ಎಣ್ಣೆ ಹಚ್ಚಬೇಡಿ. ಆವರಣದ ಹಳಗನ್ನಡ ಶಾಸನಗಳನ್ನೂ ಬಿಡದೆ ನೋಡಿ, ಅವಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳಬೇಡಿ.