ಮುಂಗಡ ಕಟ್ಟುವ ಮೊದಲು ಮಗಳಿಗೆ ಜಾಗ ತೋರಿಸಿ

ನಮಸ್ಕಾರ ಸರ್. ಮಗಳಿಗೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ, ಹಾಸ್ಟೆಲ್ ಪಟ್ಟಿಗೆ ಕಾಯಬೇಕೋ ಅಥವಾ ರಾಯಚೂರಿನಿಂದಲೇ ಪಿ.ಜಿ.ಗೆ (ಪೇಯಿಂಗ್ ಗೆಸ್ಟ್ ವಸತಿಗೆ) ಮುಂಗಡ ಕಳುಹಿಸಬೇಕೋ ಎಂದು ಕೇಳಿದ್ದೀರಿ. ದಯವಿಟ್ಟು ಫೋಟೊ ನೋಡಿ ಹಣ ಕಳುಹಿಸಬೇಡಿ. ಹಾಸ್ಟೆಲ್ ಅರ್ಜಿಯನ್ನಂತೂ ತಪ್ಪಿಸಲೇಬಾರದು. ವಿಶ್ವವಿದ್ಯಾಲಯದ ಹಾಸ್ಟೆಲ್ ಜೊತೆಗೆ, ಅರ್ಹತೆ ಇದ್ದರೆ ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗೂ ಅರ್ಜಿ ಹಾಕಿಸಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಊರಿನಲ್ಲೇ ಮಾಡಿಸಿಕೊಳ್ಳಿ. ಇಲಾಖೆಯ ಹಾಸ್ಟೆಲ್‌ನಲ್ಲಿ ಸೀಟು ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಯ ಖರ್ಚಿಗೆ ನೆರವಾಗುವ ವಿದ್ಯಾಸಿರಿ ಯೋಜನೆಯಿದೆ.

ಪಟ್ಟಿ ಬರುವ ತನಕ ತಿಂಗಳ ಲೆಕ್ಕದಲ್ಲಿ ಇರಬಹುದಾದ ಪಿ.ಜಿ. ಹುಡುಕಿ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಪಡುವಾರಹಳ್ಳಿ ಮೂರೂ ಕ್ಯಾಂಪಸ್ಸಿಗೆ ಹತ್ತಿರ. ಬೋಗಾದಿ ಕಡೆಯೂ ನೋಡಬಹುದು. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ನಗರ ಸಾರಿಗೆ ಬಸ್ಸಿಗೆ ಅವಳು ಹಣ ಕೊಡಬೇಕಾಗಿಲ್ಲ.

ಕೊಠಡಿ ನೋಡಲು ಸಂಜೆ ಹೋಗಿ. ದಾರಿಯಲ್ಲಿ ಬೀದಿದೀಪ ಉರಿಯುತ್ತಿದೆಯೇ ಎಂಬುದು ಹಗಲಿನಲ್ಲಿ ತಿಳಿಯುವುದಿಲ್ಲ. ಮಾಲೀಕರಿಗಿಂತ ಮೊದಲು ಅಲ್ಲಿರುವ ಹುಡುಗಿಯರನ್ನು ಮಾತನಾಡಿಸಲು ಮಗಳಿಗೆ ಹೇಳಿ: ನೀರು ಎಷ್ಟು ಹೊತ್ತು ಬರುತ್ತದೆ, ಪ್ರಯೋಗಾಲಯದಿಂದ ತಡವಾಗಿ ಬಂದರೆ ಬಾಗಿಲು ತೆರೆಯುತ್ತಾರೆಯೇ, ಬಿಟ್ಟುಹೋದವರಿಗೆ ಮುಂಗಡ ಹಿಂತಿರುಗಿತೇ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಮುಂಗಡದಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ, ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಆ ಮನೆ ಬೇಡ. ಊಟವೂ ಅಷ್ಟೇ: ಜೋಳದ ರೊಟ್ಟಿ ತಿಂದು ಬೆಳೆದವಳು, ಒಂದು ಹೊತ್ತು ಅಲ್ಲಿ ಉಂಡು ನೋಡಲಿ.